ಬೇಲಿಯಾಚೆ ಬಿದ್ದ ಎಲ್ಕ್

ಹಾಲಿನ ಡೈರಿಯಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತನಾಗಿದ್ದ ಆರ್ವಿಲ್ ಬ್ರೆಕ್ಕಿಗೆ ಒಮ್ಮೆಯಾದರೂ ವಿಸ್ಕಾನ್ಸಿನ್ ಬಿಟ್ಟು ವಯೋಮಿಂಗ್‌ಗೆ ಹೋಗಿ ಎಲ್ಕ್ ಎಂಬ ದೊಡ್ಡ ಕಾಡುಜಿಂಕೆಯ ಬೇಟೆಯಾಡುವ ಆಸೆ. ಚಳಿಗಾಲವೆಲ್ಲ ಅವನು, ಮಗ ಗ್ಯಾರಿಕ್, ಸೊಸೆ ಡೀನಾ ಅಡುಗೆಮನೆಯ ಮೇಜಿನ ಮೇಲೆ ನಕ್ಷೆ ಹರಡಿಕೊಂಡು ಕೂತರು. ಗೈಡ್ ಇಟ್ಟುಕೊಳ್ಳುವುದು ಎಟುಕದ ಮಾತು. ದೊಡ್ಡ ಕೊಂಬಿನ ಗಂಡಿನ ಆಸೆ ಬಿಟ್ಟು ಅಗ್ಗದ ಹೆಣ್ಣೆಲ್ಕಿನ ಪರವಾನಗಿಗೆ ತಲಾ ಒಂದು ಅರ್ಜಿ ಹಾಕಿದರು. ಮಲಗಲು ಡೇರೆ, ಉಣ್ಣಲು ಮನೆಯಲ್ಲೇ ಬೇಯಿಸಿ ಹೆಪ್ಪುಗಟ್ಟಿಸಿದ ಮಾಂಸದ ಸಾರು, ಬೇಟೆಗೆ ಸರ್ಕಾರಿ ಕಾಡು. ಆ ಕಾಡಿನ ಒಂದಂಚು ಯಾರದೋ ಖಾಸಗಿ ಹುಲ್ಲುಗಾವಲಿಗೆ ತಾಗುತ್ತಿತ್ತು. ಅಲ್ಲಿಗೆ ಬೇಟೆಗಾರರು ಹೆಚ್ಚು ಬರುವುದಿಲ್ಲವೆಂದು ಆರ್ವಿಲ್ ಆ ಜಾಗವನ್ನೇ ಆರಿಸಿದ. ಬೇಲಿ ಅಷ್ಟು ಹತ್ತಿರ ಇರುವುದು ಡೀನಾಗೆ ಹಿಡಿಸಲಿಲ್ಲ. ಮಾವ ಕೇಳಲಿಲ್ಲ.

ಆಗಸ್ಟಿನಲ್ಲಿ ಗ್ಯಾರಿಕ್ ಕೊಟ್ಟಿಗೆಯ ಮಾಡಿನಿಂದ ಬಿದ್ದು ಸೊಂಟ ಮುರಿದುಕೊಂಡ. ಕೊನೆಗೆ ಹೊರಟವರು ಮಾವ ಸೊಸೆ ಇಬ್ಬರೇ. ಒಬ್ಬರಿಗೊಬ್ಬರು ಅಷ್ಟಕ್ಕಷ್ಟೆ.

ಮೂರು ದಿನ ಏನೂ ಕಾಣಲಿಲ್ಲ. ನಾಲ್ಕನೆಯ ಬೆಳಗ್ಗೆ ಒಂದು ಹಿಂಡು ಇಳಿಜಾರಿನಲ್ಲಿ ಬೇಲಿಯತ್ತ ಸಾಗುತ್ತಿತ್ತು. ಡೀನಾ ನೆಲಕ್ಕೊರಗಿ ಗುರಿ ಹಿಡಿದಳು. ಗಾಳಿ ಅಡ್ಡ ಬೀಸುತ್ತಿತ್ತು.

"ತುಂಬಾ ದೂರ, ಮಾವ."

"ಬೇಲಿ ದಾಟಿಬಿಟ್ರೆ ಮುಗೀತು. ಹೊಡಿ. ಇಷ್ಟು ದೂರ ಬಂದಿರೋದು ನೋಡ್ಕೊಂಡು ಹೋಗೋಕಾ?"

ಅವಳು ಕೋವಿಯ ಕುದುರೆ ಎಳೆದಳು. ಒಂದು ಎಲ್ಕ್ ಮುಗ್ಗರಿಸಿತು. ಮತ್ತೆ ಎದ್ದು, ಉಳಿದವುಗಳ ಹಿಂದೆಯೇ ಬೇಲಿ ಹಾರಿ, ಆಚೆಯ ತಗ್ಗಿನಲ್ಲಿ ಮರೆಯಾಯಿತು.

ಬೇಲಿಯ ಬಳಿ ಹುಲ್ಲಿನ ಮೇಲೆ ರಕ್ತವಿತ್ತು. ಆರ್ವಿಲ್ ಒಂದು ಕಾಲು ಆಚೆ ಹಾಕಿಯೇಬಿಟ್ಟ. ಡೀನಾ ಅವನ ಕೋಟು ಹಿಡಿದೆಳೆದಳು. ಕೇಳದೆ ಒಳಗೆ ಹೋಗಿ ಸಿಕ್ಕಿಬಿದ್ದರೆ ಮಾಂಸವೂ ಇಲ್ಲ, ಪರವಾನಗಿಯೂ ಇಲ್ಲ. ಬಿಸಿಲು ಏರಿದರೆ ಮಾಂಸ ಕೆಡುತ್ತದೆ ಎಂದು ಅವನು ಗೊಣಗಿದ. ಅವಳು ಆಗಲೇ ಜಮೀನಿನ ಒಡೆಯರನ್ನು ಕೇಳಲೆಂದು ಗಾಡಿಯತ್ತ ನಡೆಯುತ್ತಿದ್ದಳು.

ಜಮೀನಿನ ಮನೆ ಹುಡುಕುವಷ್ಟರಲ್ಲಿ ಬಿಸಿಲು ಚುರುಕಾಗಿತ್ತು. ಒಡತಿ ಲವೀನಾ ಹಾರ್ಗನ್ ಎಪ್ಪತ್ತರ ಹೆಂಗಸು. ಜಾಲರಿ ಬಾಗಿಲು ತೆರೆಯದೆ, ಒಳಗಿನಿಂದಲೇ ಅವರ ಗಾಡಿಯ ನಂಬರ್ ಪ್ಲೇಟ್ ನೋಡಿದಳು. ಹೋದ ವರ್ಷ ಹೊರರಾಜ್ಯದ ಬೇಟೆಗಾರರು ಗೇಟು ತೆರೆದಿಟ್ಟು ಹೋಗಿ, ಅವಳ ಎರಡು ಕಡಸುಗಳು ಹೆದ್ದಾರಿಯಲ್ಲಿ ಲಾರಿಗೆ ಸಿಕ್ಕಿದ್ದವು. ಬೇಲಿಯೊಳಗೆ ಬಿಡಿ ಎಂದದ್ದಕ್ಕೆ, ಆಗುವುದಿಲ್ಲ, ಹೋಗಿ ಎಂದಳು.

"ಅದು ಇನ್ನೂ ಸತ್ತಿಲ್ಲ ಅನ್ಸತ್ತೆ," ಎಂದಳು ಡೀನಾ.

ಲವೀನಾ ಅವಳನ್ನೇ ನೋಡಿದಳು. "ಹೊಡೆದೋರು ಯಾರು?"

"ನಾನು."

"ಹೊಡೆದಿದ್ದು ಅವಳು," ಎಂದ ಆರ್ವಿಲ್, ಟೋಪಿ ತೆಗೆಯುತ್ತಾ. "ದೂರ ಆಯ್ತು ಅಂದ್ಲು. ಬಲವಂತ ಮಾಡಿ ಹೊಡೆಸ್ದೋನು ನಾನು."

"ಹಂಗಾದ್ರೆ ತಿಳಿವಳಿಕೆ ಇರೋದು ಇವಳಿಗೆ. ವಯಸ್ಸು ಮಾತ್ರ ನಿಮಗೆ, ಯಜಮಾನ್ರೆ."

ಕೋವಿಗಳನ್ನು ಜಗಲಿಯಲ್ಲೇ ಇಟ್ಟು ತನ್ನ ಪಿಕಪ್ಪಿನಲ್ಲಿ ಬರುವುದಾದರೆ ಬನ್ನಿ ಎಂದಳು ಲವೀನಾ. ಇಟ್ಟರು.

ಎಲ್ಕ್ ತಗ್ಗಿನಲ್ಲಿ ಮಲಗಿತ್ತು. ಗಾಡಿಯ ಸದ್ದಿಗೆ ತಲೆಯೆತ್ತಿತು. ಏಳಲು ನೋಡಿತು, ಹಿಂಗಾಲು ಬರಲಿಲ್ಲ. ಮೂಗಿನಲ್ಲಿ ರಕ್ತದ ಗುಳ್ಳೆ ಒಡೆಯುತ್ತಿತ್ತು. ಡೀನಾ ಬರಿಗೈಯಲ್ಲಿ ನಿಂತಿದ್ದಳು. ಆರ್ವಿಲ್ ಸೊಂಟದ ಚಾಕುವಿಗೆ ಕೈಹಾಕಿದ. ಹತ್ತಿರ ಹೋದರೆ ಒದ್ದು ಸಾಯಿಸುತ್ತದೆ ಎಂದು ಲವೀನಾ ತಡೆದಳು.

ಆಮೇಲೆ ಅವಳು ಪಿಕಪ್ಪಿನ ಸೀಟಿನ ಹಿಂದಿನಿಂದ ತನ್ನ ಹಳೆಯ ಕೋವಿ ತೆಗೆದು, ಜೇಬಿನಲ್ಲಿದ್ದ ಒಂದು ಗುಂಡು ತುಂಬಿ, ಅಪರಿಚಿತೆಯಾದ ಡೀನಾಳ ಕೈಗೆ ಕೊಟ್ಟಳು. ಕೊಟ್ಟ ಮೇಲೂ ಒಂದು ಗಳಿಗೆ ನಳಿಗೆ ಬಿಡಲಿಲ್ಲ.

"ಕಿವಿ ಬುಡಕ್ಕೆ. ಅವಸರ ಬೇಡ, ಮಗಳೇ."

ಡೀನಾ ಹತ್ತು ಹೆಜ್ಜೆ ಹತ್ತಿರಕ್ಕೆ ಹೋದಳು. ಎಲ್ಕ್ ಅವಳನ್ನೇ ನೋಡುತ್ತಿತ್ತು. ಏರಿಸಿದ ಕೋವಿ ಇಳಿಸಿ, ಉಸಿರೆಳೆದು, ಮತ್ತೆ ಏರಿಸಿದಳು. ಈಡಿನ ಸದ್ದು ಬೆಟ್ಟಕ್ಕೆ ಬಡಿದು ಬರುವಷ್ಟರಲ್ಲಿ ಅದರ ತಲೆ ನೆಲಕ್ಕೊರಗಿತ್ತು.

ಮಾಂಸ ಕೆಟ್ಟಿರಲಿಲ್ಲ. ಸಂಜೆಯವರೆಗೆ ಚರ್ಮ ಸುಲಿದು ತುಂಡು ಮಾಡಿದರು. ಸುಲಿಯುವಾಗ ಲವೀನಾ ಎಲ್ಕಿನ ಕಾಲು ಹಿಡಿದುಕೊಂಡು ನೆರವಾದಳು. ಒಂದು ತೊಡೆ ಇಟ್ಟುಕೊಳ್ಳಿ ಎಂದರೆ ತಲೆಯಾಡಿಸಿ ಬೇಡವೆಂದಳು. ಮುಂದಿನ ವರ್ಷ ನಿಮ್ಮ ಜಾಗದಲ್ಲಿ ಬೇಟೆಯಾಡಬಹುದೇ ಎಂದು ಆರ್ವಿಲ್ ಮೆಲ್ಲಗೆ ಕೇಳಿದ.

"ಇಲ್ಲ," ಎಂದಳು ಅವಳು, ಸಿಟ್ಟಿಲ್ಲದೆ.

ಆರ್ವಿಲ್‌ನ ಸ್ವಂತ ಪರವಾನಗಿಯ ಅವಧಿ ಮುಗಿಯಲು ಇನ್ನೂ ದಿನಗಳಿದ್ದವು. ಆದರೂ ಮರುದಿನ ಬೆಳಗ್ಗೆ ಎದ್ದವನೇ ಡೇರೆಯ ಗೂಟ ಕೀಳತೊಡಗಿದ. ದಾರಿಯಲ್ಲಿ ಗ್ಯಾರಿಕ್ ಫೋನ್ ಮಾಡಿದಾಗ ಅವಳು ನಡೆದದ್ದನ್ನೆಲ್ಲ ಇದ್ದ ಹಾಗೆ ಹೇಳಿದಳು, ಮೊದಲ ಗುಂಡು ಹಾರಿಸಬಾರದಿತ್ತು ಎನ್ನುವುದನ್ನೂ. ಪಕ್ಕದಲ್ಲಿ ಗಾಡಿ ಓಡಿಸುತ್ತಿದ್ದ ಆರ್ವಿಲ್ ಒಂದು ಮಾತೂ ತಿದ್ದಲಿಲ್ಲ. ಪಕ್ಕದ ಡಕೋಟಾ ರಾಜ್ಯ ಮುಟ್ಟಿದ ಮೇಲೆ ಗಾಡಿ ನಿಲ್ಲಿಸಿ, ಎರಡು ಲೋಟ ಕಾಫಿ ತಂದು, ಹೆಚ್ಚು ಬಿಸಿಯಾಗಿದ್ದದ್ದನ್ನು ಅವಳ ಕೈಗೆ ಕೊಟ್ಟ.