ಮೂರನೆಯ ಫೈಲ್

ನಿತ್ಯಾನಂದನನ್ನು ಮೊದಲ ಸಲ ವಾರ್ಡಿಗೆ ಕರೆದುಕೊಂಡು ಹೋದವಳು ನಾನು. ಐದು ವರ್ಷದ ಹಿಂದೆ ಅವನು ಮಣಿಪಾಲದಿಂದ ಮಲೇಷ್ಯಾದ ಮೆಲಾಕಾದಲ್ಲಿರುವ ನಮ್ಮ ಮೆಡಿಕಲ್ ಕಾಲೇಜಿಗೆ ಅಧ್ಯಾಪಕನಾಗಿ ಬಂದಾಗ, ಮಲಯ ಭಾಷೆಯಲ್ಲಿ ಧನ್ಯವಾದ ಹೇಳುವುದು ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಮೊದಲ ಹಾಸಿಗೆಯ ಅಜ್ಜಿ ತನ್ನ ಕಾಲು ತೋರಿಸಿ ಐದು ನಿಮಿಷ ಮಾತಾಡಿದಳು. ಇವನು ಎಲ್ಲ ತಿಳಿದವನಂತೆ ತಲೆಯಾಡಿಸುತ್ತಲೇ ಇದ್ದ. ಕೊನೆಗೆ ನನ್ನ ಕಡೆ ತಿರುಗಿ, “ಅಕ್ಕ, ಇವರು ಎಂತ ಹೇಳ್ತಿದ್ದಾರೆ?” ಎಂದು ಕೇಳಿದ. ಅಂದಿನಿಂದ ನಾನು ಅವನಿಗೆ ಅಕ್ಕ.

ನನ್ನ ಹೆಸರು ಸುಗಂಧಿ, ಊರು ಬ್ರಹ್ಮಾವರ. ಇಲ್ಲಿಗೆ ಬಂದು ಹನ್ನೊಂದು ವರ್ಷವಾಯಿತು. ಕಾಲೇಜಿನ ಪಟ್ಟಿಯಲ್ಲಿ ನಾನು ಟ್ಯೂಟರ್, ಅಂದರೆ ಪಟ್ಟಿಯ ಕೊನೆಯ ಸಾಲು. ಮಲಯ ಕಲಿತದ್ದು ಯಾವ ತರಗತಿಯಲ್ಲೂ ಅಲ್ಲ. ಮನೆಯೆದುರು ನಾಸಿ ಲೆಮಾಕ್ ಎಂಬ ತೆಂಗಿನ ಹಾಲಿನ ಅನ್ನ ಮಾರುವ ಝೈನಬ್ ಹತ್ತಿರ ಚೌಕಾಶಿ ಮಾಡುತ್ತ ಒಂದಿಷ್ಟು ಕಲಿತೆ, ಉಳಿದದ್ದನ್ನು ರೋಗಿಗಳೇ ಕಲಿಸಿದರು.

ನಮ್ಮ ಕಾಲೇಜಿಗೆ ಕರ್ನಾಟಕದಿಂದ ಬರುವ ಹುಡುಗ ಹುಡುಗಿಯರು ಇಂಗ್ಲಿಷಿನಲ್ಲಿ ಪಟಪಟ ಅನ್ನುತ್ತಾರೆ, ರೋಗಿಯ ಮುಂದೆ ನಿಂತರೆ ಬಾಯಿ ಕಟ್ಟುತ್ತದೆ. ಇಲ್ಲಿನ ರೋಗಿ ಎದೆ ನೋವು ಅನ್ನುವುದಿಲ್ಲ, ಗಾಳಿ ಒಳಗೆ ಹೊಕ್ಕಿದೆ ಅನ್ನುತ್ತಾನೆ. ಒಮ್ಮೆ ಒಬ್ಬ ವಿದ್ಯಾರ್ಥಿ ಅದನ್ನು ಹೊಟ್ಟೆಯ ಗ್ಯಾಸ್ ಎಂದು ಬರೆದುಕೊಂಡು ಮುಂದಿನ ಹಾಸಿಗೆಗೆ ಹೋಗಿಬಿಟ್ಟಿದ್ದ. ನಾನು ಹಿಂದಿನಿಂದ ಬಂದು ಇನ್ನೆರಡು ಪ್ರಶ್ನೆ ಕೇಳದಿದ್ದರೆ ಆ ಮನುಷ್ಯ ಹೃದಯಾಘಾತದಲ್ಲಿ ಹೋಗಿಯೇ ಬಿಡುತ್ತಿದ್ದ. ಅದಾದ ಮೇಲೆ ನಾನೇ ಗುರುವಾರ ಮಧ್ಯಾಹ್ನದ ಪಾಠ ಶುರು ಮಾಡಿದೆ. ಏನು ಕೇಳಬೇಕು, ಉತ್ತರ ಬಂದರೆ ಅದರ ಹಿಂದೆ ಏನಿದೆ, ಯಾವ ಮಾತು ಆಡಿದರೆ ಮುದುಕರಿಗೆ ಅವಮಾನ, ಎಲ್ಲ ಹೇಳಿಕೊಡುತ್ತಿದ್ದೆ. ನಮ್ಮ ಮಕ್ಕಳಿಗೆ ಕನ್ನಡದಲ್ಲೇ ಬಿಡಿಸಿ ಹೇಳುತ್ತಿದ್ದೆ. ಏಳು ವರ್ಷ ಆ ಪಾಠ ನಡೆಯಿತು. ವೇಳಾಪಟ್ಟಿಯಲ್ಲಿ ಅದಕ್ಕೆ ಹೆಸರೇ ಇರಲಿಲ್ಲ.

ಈ ವರ್ಷ ಕ್ವಾಲಾಲಂಪುರದಿಂದ ಹೊಸ ಡೀನ್ ಬಂದರು. ಬಂದ ಮೂರೇ ತಿಂಗಳಲ್ಲಿ ದ್ವಿಭಾಷಾ ತರಬೇತಿಗೆಂದೇ ಒಂದು ವಿಭಾಗ ತೆರೆಯುವುದಾಗಿ ಹೇಳಿದರು. ಅದಕ್ಕೊಬ್ಬ ಮುಖ್ಯಸ್ಥ, ಕಾಯಂ ಹುದ್ದೆ. ಎರಡು ಭಾಷೆಯ ಕೆಲಸಕ್ಕೆ ಅರ್ಜಿ ಹಾಕುವವರು ಇಂಗ್ಲಿಷ್, ಮಲಯ ಎರಡರಲ್ಲೂ ಬರೆಯಲಿ, ಸಂದರ್ಶನ ಬೇಡ, ಬರವಣಿಗೆ ನೋಡಿಯೇ ತೀರ್ಮಾನ ಮಾಡುತ್ತೇವೆ ಎಂದರು. ಅರ್ಜಿಗಳು ಆಯಾ ವಿಭಾಗದ ಈಗಿನ ಮುಖ್ಯಸ್ಥರ ಮೂಲಕವೇ ಹೋಗಬೇಕಿತ್ತು. ನಮ್ಮ ವಿಭಾಗದ ಮುಖ್ಯಸ್ಥ ಅಷ್ಟರಲ್ಲಿ ನಿತ್ಯಾನಂದನೇ ಆಗಿದ್ದ.

ನನಗೆ ಆ ಹುದ್ದೆ ಬೇಕೇ ಬೇಕಿತ್ತು. ನನ್ನ ಕರಾರು ಡಿಸೆಂಬರಿಗೆ ಮುಗಿಯುತ್ತದೆ, ಟ್ಯೂಟರುಗಳನ್ನು ಇನ್ನು ಮುಂದುವರಿಸುವುದಿಲ್ಲ ಎಂದು ಕಚೇರಿಯಲ್ಲಿ ಹೇಳಿಯಾಗಿತ್ತು. ಮಗಳು ಮಯೂರಿಗೆ ಮುಂದಿನ ವರ್ಷ ಶಾಲೆಯ ಕೊನೆಯ ಪರೀಕ್ಷೆ. ಅದನ್ನೆಲ್ಲ ಬದಿಗಿಟ್ಟರೂ, ಹನ್ನೊಂದು ವರ್ಷ ಮಾಡಿದ್ದನ್ನು ಯಾರಾದರೂ ಒಮ್ಮೆ ಕೆಲಸ ಎಂದು ಕರೆಯಲಿ ಎಂಬ ಆಸೆ ನನಗೆ ಬಹಳ ಇತ್ತು.

ನನ್ನ ಅರ್ಜಿಯನ್ನು ನಿತ್ಯಾನಂದನ ಕೈಗೆ ಕೊಟ್ಟೆ. ಅವನು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡ.

“ಇದು ನಿಮಗಾಗಿಯೇ ಮಾಡಿದ ಪೋಸ್ಟ್ ಅಕ್ಕ. ನಿಮ್ಮನ್ನು ಬಿಟ್ಟರೆ ಇಲ್ಲಿ ಯಾರಿದ್ದಾರೆ? ನಾನೇ ಶಿಫಾರಸು ಬರೆದು ಕಳಿಸ್ತೇನೆ, ನೀವು ನಿಶ್ಚಿಂತೆಯಿಂದ ಇರಿ.”

ನಾನು ನಿಶ್ಚಿಂತೆಯಿಂದಲೇ ಇದ್ದೆ. ಅಷ್ಟು ಪೆದ್ದಿ ನಾನು.

ಅವನದ್ದೊಂದು ರೂಢಿ ಇತ್ತು. ಮಲಯದಲ್ಲಿ ಏನೇ ಬೇಕಾದರೂ ನನಗೆ ವಾಟ್ಸಾಪಿನಲ್ಲಿ ತಳ್ಳುವುದು. ನೋಟಿಸು, ರೋಗಿಗಳಿಗೆ ಹಂಚುವ ಕರಪತ್ರ, ಮನೆ ಮಾಲೀಕನಿಗೆ ಬರೆಯುವ ಪತ್ರ, ಎಲ್ಲ ನನ್ನ ಕೈಯಿಂದಲೇ ಹಾದು ಹೋಗಬೇಕು. ಅವನ ಹೆಂಡತಿ ಅಮೂಲ್ಯಾ ಕೂಡ ಅದಕ್ಕೆ ಒಗ್ಗಿಕೊಂಡಿದ್ದಳು. ಚೌತಿಗೆ ಅವರ ಮನೆಗೆ ಹೋದರೆ ನನಗೆ ಮೊದಲು ಬಾಳೆಲೆ, ಊಟವಾದ ಮೇಲೆ ಒಂದು ಕಾಗದ.

ಒಂದು ಭಾನುವಾರ ಬೆಳಗ್ಗೆ ದೋಸೆ ಹೊಯ್ಯುತ್ತಿದ್ದಾಗ ಫೋನಿನಲ್ಲಿ ಅವನ ದನಿ ಸಂದೇಶ ಬಂತು. “ಅಕ್ಕ, ಮೂರು ಫೈಲ್ ಕಳಿಸಿದ್ದೇನೆ. ನಾಳೆ ಹತ್ತು ಗಂಟೆಯೊಳಗೆ ಮಲಯ ಮಾಡಿ ಕೊಡಿ ಆಯ್ತಾ?” ಮೊದಲನೆಯದು ಪರೀಕ್ಷೆಯ ಪ್ರಕಟಣೆ. ಎರಡನೆಯದು ಸಕ್ಕರೆ ಕಾಯಿಲೆಯವರು ಕಾಲು ನೋಡಿಕೊಳ್ಳುವುದು ಹೇಗೆ ಎಂಬ ಕರಪತ್ರ. ಮೂರನೆಯದು ಹೊಸ ಹುದ್ದೆಗೆ ಡಾಕ್ಟರ್ ನಿತ್ಯಾನಂದನ ಅರ್ಜಿ.

ಕಾವಲಿಯ ಮೇಲಿನ ದೋಸೆ ಕರಟಿತು. ನಾನು ನಿಂತಲ್ಲೇ ಓದಿದೆ. ಗುರುವಾರದ ಪಾಠ ಅವನ ಕಲ್ಪನೆಯ ಕೂಸಂತೆ. ವಿದ್ಯಾರ್ಥಿಗಳಿಗೆಂದು ನಾನು ಬರೆದ ನೂರ ಹನ್ನೆರಡು ಪುಟದ ಟಿಪ್ಪಣಿ ಅವನ ನೇತೃತ್ವದಲ್ಲಿ ತಯಾರಾದದ್ದಂತೆ. ಕೊನೆಯಲ್ಲಿ ನನ್ನ ಬಗ್ಗೆಯೂ ಮೂರು ಸಾಲಿತ್ತು: “ನನ್ನ ವಿಭಾಗದ ಶ್ರೀಮತಿ ಸುಗಂಧಿ ಆಗಾಗ ಮಾತು ದಾಟಿಸುವ ಸಹಾಯ ಮಾಡಿದ್ದಾರೆ. ಇದು ಇಲ್ಲಿ ಕೆಲವು ಕಾಲ ಇದ್ದ ಯಾರಿಗಾದರೂ ಬರುವಂಥದ್ದು, ಬೋಧನೆ ಎಂದು ಪರಿಗಣಿಸುವಂಥದ್ದಲ್ಲ. ಆದ್ದರಿಂದ ಅವರ ಅರ್ಜಿಯನ್ನು ಮುಂದಕ್ಕೆ ಕಳಿಸಿಲ್ಲ.”

ಮಯೂರಿ ಒಲೆ ಆರಿಸಿ ಫೋನ್ ಕಿತ್ತುಕೊಂಡು ಓದಿದಳು. ನಾನು ಆಡುವ ಕನ್ನಡ ಅವಳಿಗೆ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ, ಅದೂ ಇಲ್ಲಿಯವರಂತೆ ಕೊನೆಗೊಂದು ‘ಲಾ’ ಸೇರಿಸಿ.

“ಜಸ್ಟ್ ಚೇಂಜ್ ದಟ್ ಪಾರ್ಟ್, ಅಮ್ಮ. ಹೀ ಕಾಂಟ್ ರೀಡ್ ಮಲಯ್ ಪ್ರಾಪರ್ಲಿ. ಹೀ ವೋಂಟ್ ಈವನ್ ನೋ ಲಾ.”

“ಸುಮ್ಮನಿರು,” ಎಂದೆ. ಆದರೆ ಆ ಯೋಚನೆ ನನಗೆ ಅವಳಿಗಿಂತ ಮೊದಲೇ ಬಂದಿತ್ತು. ಆ ಮೂರು ಸಾಲು ತಿರುಗಿಸಿದರೆ ಅವನ ಬಾಯಿಂದಲೇ ನನಗೆ ಶಿಫಾರಸು ಹೊರಡುತ್ತಿತ್ತು.

ಅವನಿಗೆ ಫೋನ್ ಮಾಡಿದೆ.

“ನಿತ್ಯಾ, ಮೂರನೇ ಫೈಲ್ ನೋಡಿದೆ.”

“ಅಯ್ಯೋ, ಅದು ನಿಮಗೆ ಬಂತಾ? ಒಟ್ಟಿಗೆ ಹೋಗಿಬಿಟ್ಟಿದೆ ಅಕ್ಕ. ಅದನ್ನು ಬೇರೆಯವರ ಹತ್ರ ಮಾಡಿಸ್ಬೇಕಂತ ಇದ್ದೆ,” ಎಂದ.

ಬರೆದದ್ದಕ್ಕಲ್ಲ, ಕಳಿಸಿದ್ದಕ್ಕೆ ಅವನಿಗೆ ಬೇಸರ.

“ನನ್ನ ಅರ್ಜಿ ಎಲ್ಲುಂಟು?”

“ನನ್ನ ಹತ್ರವೇ ಉಂಟು. ನೋಡಿ, ಹೆಸರಿನ ಹಿಂದೆ ಡಾಕ್ಟರ್ ಇಲ್ಲದಿದ್ರೆ ಅವರು ಹೇಗೂ ತಗೊಳ್ಳುದಿಲ್ಲ. ನಾನು ಹೆಡ್ ಆದ್ರೆ ನಿಮ್ಮನ್ನ ಬಿಡ್ತೇನಾ? ಕೆಲಸ ನೀವೇ ಮಾಡುದಲ್ವಾ?”

“ಅದೇ ಹೇಳ್ತಿದ್ದೇನೆ ನಿತ್ಯಾ. ಕೆಲಸ ನಾನೇ ಮಾಡುದು.”

“ನೀವು ಸಿಟ್ಟಲ್ಲಿದ್ದೀರಿ, ಆಮೇಲೆ ಮಾತಾಡುವಾ,” ಎಂದ. ಫೋನ್ ಇಡುತ್ತಾನೆ ಎಂದುಕೊಂಡೆ. ಇಡಲಿಲ್ಲ. “ಅಕ್ಕ, ಹೇಗೂ ನಿಮಗೆ ಬಂದಾಯ್ತಲ್ಲ. ಅದನ್ನೂ ನೀವೇ ಮಾಡಿಕೊಡಿ. ನಿಮ್ಮಷ್ಟು ಚಂದ ಬೇರೆ ಯಾರು ಮಾಡ್ತಾರೆ ಹೇಳಿ?”

ಫೋನ್ ಕಡಿದು, ಅರ್ಜಿಯ ನನ್ನ ಪ್ರತಿಯನ್ನು ಡೀನ್ ಕಚೇರಿಗೆ ನೇರವಾಗಿ ಇಮೇಲ್ ಮಾಡಿದೆ. ವಿಭಾಗದ ಮುಖ್ಯಸ್ಥರ ಸಹಿ ಇಲ್ಲದ್ದನ್ನು ಪರಿಶೀಲಿಸಲಾಗದು ಎಂಬ ಉತ್ತರ, ಭಾನುವಾರವಾದರೂ, ಯಂತ್ರದಿಂದ ತಕ್ಷಣ ಬಂತು.

ಮಧ್ಯಾಹ್ನವಾಯಿತು. ಲ್ಯಾಪ್‌ಟಾಪ್ ತೆರೆದು ಕುಳಿತೆ. ಮಾಡುವುದಿಲ್ಲ ಎಂದು ಹೇಳಬಹುದಿತ್ತು, ಅವನು ಇನ್ನೊಬ್ಬರನ್ನು ಹುಡುಕಿಕೊಳ್ಳುತ್ತಿದ್ದ. ಆದರೆ ಇದರಲ್ಲಿರುವುದು ನನ್ನ ಕೆಲಸ. ಅದನ್ನು ಇನ್ನೊಬ್ಬರು ಕೆಟ್ಟ ಮಲಯದಲ್ಲಿ ಬರೆಯುವುದನ್ನು ನೆನೆದರೇ ಮೈ ಉರಿಯುತ್ತಿತ್ತು. ತಿರುಚುವುದಂತೂ ನನ್ನಿಂದ ಆಗಲಿಲ್ಲ. ಹನ್ನೊಂದು ವರ್ಷ ಆ ವಾರ್ಡಿನ ಮುದುಕರು ಡಾಕ್ಟರು ಹೇಳಿದ್ದನ್ನೇ ಇವಳು ಹೇಳುತ್ತಾಳೆ ಎಂದು ನಂಬಿದ್ದಾರೆ. ಒರಟು ಮಾತಿನ ದನಿ ತಗ್ಗಿಸಿದ್ದೇನೆ, ಹುರುಳು ಬದಲಿಸಿದ್ದಿಲ್ಲ. ಅವನೊಬ್ಬನಿಗಾಗಿ ಅದನ್ನೂ ಕಳೆದುಕೊಂಡರೆ ನನ್ನ ಹತ್ತಿರ ಉಳಿಯುವುದೇನು? ಸುಳ್ಳು ಅವನದು, ಅವನೇ ಹೊರಲಿ ಎಂದುಕೊಂಡೆ.

ಒಂದೊಂದು ವಾಕ್ಯವನ್ನೂ ಎರಡೆರಡು ಸಲ ತಿದ್ದಿದೆ. ಅವನ ಇಂಗ್ಲಿಷ್ ತೊಡರುವಲ್ಲೆಲ್ಲ ನನ್ನ ಮಲಯ ಸರಾಗವಾಗಿ ಹರಿಯಿತು. ನನ್ನ ಬಗೆಗಿನ ಮೂರು ಸಾಲನ್ನೂ ಚಾಚೂ ತಪ್ಪದೆ ಬರೆದೆ. ಬರೆಯುತ್ತ ಅತ್ತೆ, ಅಳುತ್ತಲೇ ಅಲ್ಪವಿರಾಮ ಸರಿ ಮಾಡಿದೆ. ಸಂಜೆ ಮೂರೂ ಫೈಲು ಕಳಿಸಿಬಿಟ್ಟೆ. ಅವನಿಂದ ಕೈ ಮುಗಿದ ಚಿತ್ರವೊಂದು ಬಂತು.

ಎರಡು ವಾರ ಕಳೆದ ಮೇಲೆ ಸೂಚನಾ ಫಲಕದಲ್ಲಿ ಅವನ ಹೆಸರು ಬಂತು. ಅಂದು ಮೆಟ್ಟಿಲಿನ ಹತ್ತಿರ ಡೀನ್ ಸಿಕ್ಕಿದರು. ಒಳ್ಳೆಯ ಮನುಷ್ಯ, ನಿಂತು ಮಲಯದಲ್ಲೇ ಮಾತಾಡಿಸಿದರು.

“ನಿಮ್ಮ ಡಾಕ್ಟರ್ ನಿತ್ಯಾನಂದ ನಮ್ಮನ್ನೆಲ್ಲ ಬೆರಗು ಮಾಡಿದರು. ಆರು ಅರ್ಜಿ ಬಂದಿದ್ದವು. ಹೊರಗಿನಿಂದ ಬಂದವರೊಬ್ಬರು ಇಷ್ಟು ಚೆಂದದ ಮಲಯ ಬರೆಯುವುದನ್ನು ಸಮಿತಿಯಲ್ಲಿ ಯಾರೂ ನೋಡಿರಲಿಲ್ಲ. ಅದನ್ನು ಓದಿದ ಮೇಲೆ ಚರ್ಚೆಯೇ ಬೇಕಾಗಲಿಲ್ಲ.”

“ಆ ಮಲಯ ನನ್ನದು ಸರ್,” ಎಂದೆ.

ಅವರು ವಾತ್ಸಲ್ಯದಿಂದ ನಕ್ಕರು. “ಗೊತ್ತು, ಗೊತ್ತು. ಡಾಕ್ಟರು ಮರೆಯದೆ ಹೇಳಿದರು, ಅದನ್ನು ಟೈಪ್ ಮಾಡಿಕೊಟ್ಟವರು ನೀವೇ ಅಂತ.”