ಹಾಲಪ್ಪನವರ ಉಸಿರಿನ ಪರೀಕ್ಷೆ

ಯೋಗ ತರಗತಿಗೆ ಹೋದ ಮೊದಲನೆಯ ದಿನವೇ ಹಾಲಪ್ಪನವರು ಚಾಪೆಯ ಮೇಲೆ ಕೂರುವ ಮೊದಲು ಅದನ್ನು ಎತ್ತಿ, ಮಗುಚಿ ಹಾಕಿ, ಹೆಬ್ಬೆರಳಿನಿಂದ ಒತ್ತಿ ನೋಡಿದರು. ನೆಲಕ್ಕೆ ಹಾಸಿ, ಕಾಲಿನಿಂದ ತಳ್ಳಿ, ಜಾರುವುದಿಲ್ಲ ಎಂದು ಖಾತ್ರಿ ಮಾಡಿಕೊಂಡರು. ಪಕ್ಕದ ಚಾಪೆಯ ಪ್ರೇಮಾಬೆನ್ ದುಪಟ್ಟಾ ಬಾಯಿಗೆ ಅಡ್ಡ ಹಿಡಿದು ನಕ್ಕರು. ಹಾಲಪ್ಪನವರ ಹೆಂಡತಿ ಜಲಜಾಬಾಯಿ ಮಾತ್ರ ನಗಲಿಲ್ಲ. ಇನ್ನು ಏನೇನು ಕಾದಿದೆಯೋ ಎಂದುಕೊಂಡು ಗೋಡೆಯ ಕಡೆ ಮುಖ ತಿರುಗಿಸಿದರು.

ಹಾಲಪ್ಪನವರನ್ನು ತಪ್ಪು ತಿಳಿಯಬಾರದು. ಅವರು ಕೆಟ್ಟವರಲ್ಲ, ಜಗಳಗಂಟರೂ ಅಲ್ಲ. ಬಾಗಲಕೋಟೆ ಕಡೆಯಿಂದ ಬಂದು, ವಡೋದರಾ ಹತ್ತಿರದ ಕೊಯಾಲಿಯ ರಿಫೈನರಿಯಲ್ಲಿ ಸೇವೆಯನ್ನೆಲ್ಲ ಸವೆಸಿದವರು. ಕೊಳವೆಗಳ ತಪಾಸಣೆ ಅವರ ಕೆಲಸ. ಈ ಬೆಸುಗೆ ಯಾಕೆ ಹೀಗಿದೆ, ಈ ವಾಲ್ವ್ ಯಾಕೆ ಬಿಗಿಯಾಗಿದೆ ಎಂದು ಕೇಳುವುದಕ್ಕೇ ಅವರಿಗೆ ಸಂಬಳ ಬರುತ್ತಿತ್ತು. ನಿವೃತ್ತಿಯಾದ ಮೇಲೆ ಸಂಬಳ ನಿಂತಿತು, ಕೇಳುವುದು ನಿಲ್ಲಲಿಲ್ಲ. ಕಡಲೆಹಿಟ್ಟಿನ ಖಮಣ್ ಮಾರುವವನನ್ನು ನಿಲ್ಲಿಸಿ, ಅದು ಉಬ್ಬುವುದು ಸೋಡಾದಿಂದಲೋ ಹುಳಿಯಿಂದಲೋ ಎಂದು ವಿಚಾರಿಸುವರು. ಲಿಫ್ಟ್ ರಿಪೇರಿಯವನು ಬಂದರೆ ಅವನಿಗಿಂತ ಮೊದಲು ಇವರೇ ಮೇಲೆ ಹತ್ತಿರುತ್ತಿದ್ದರು.

ಯೋಗಕ್ಕೆ ಅವರು ಬಂದದ್ದೂ ಆ ಚಾಳಿಯಿಂದಲೇ. ಜಲಜಾಬಾಯಿಗೆ ಎಷ್ಟೋ ವರ್ಷಗಳಿಂದ ನಿದ್ದೆ ಸರಿಯಿರಲಿಲ್ಲ. ಕೊಯಾಲಿಯ ಟೌನ್‌ಶಿಪ್ ಬಿಟ್ಟು ನಗರದೊಳಗಿನ ಫ್ಲ್ಯಾಟಿಗೆ ಬಂದ ಮೇಲಂತೂ ಪೂರಾ ಕೆಟ್ಟಿತ್ತು. ಮಾತ್ರೆ ತೆಗೆದುಕೊಂಡರೆ ಮರುದಿನವೆಲ್ಲ ಮಂಪರು. ಒಮ್ಮೆ ಹಾಲು ಒಲೆಯ ಮೇಲಿಟ್ಟು ನಿಂತಲ್ಲೇ ತೂಕಡಿಸಿ ಬೀಳುವುದರಲ್ಲಿದ್ದರು. ಕೊನೆಗೆ ಕೆಳಗಿನ ಮನೆಯ ಪ್ರೇಮಾಬೆನ್ ಜಲಜಾಬಾಯಿಯ ಕೈ ಹಿಡಿದು ಫತೇಗಂಜ್‌ನ ಈ ತರಗತಿಗೆ ಎಳೆದುಕೊಂಡು ಹೋದರು. ಹೇಳಿಕೊಡುವವಳು ಕೃಪಾ, ಮೈಸೂರಿನ ಹುಡುಗಿ. ಯೋಗದಲ್ಲಿ ಪದವಿ ಮುಗಿಸಿ ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಗೆ ಬಂದವಳು, ಹಾಸ್ಟೆಲ್‌ಗಳ ಹಿಂದಿನ ಹಳೆಯ ಬಂಗಲೆಯ ಹಾಲ್‌ನಲ್ಲಿ ಬೆಳಿಗ್ಗೆ ಪಾಠ ನಡೆಸುತ್ತಿದ್ದಳು. ಹೋದ ಕೆಲವೇ ದಿನಗಳಲ್ಲಿ, ಕಡೆಯ ಶವಾಸನದಲ್ಲಿ, ಜಲಜಾಬಾಯಿ ನಿದ್ದೆ ಹೋಗಿಬಿಟ್ಟರು. ಮಾತ್ರೆಯಿಲ್ಲದೆ!

ಇದನ್ನು ಕೇಳಿ ಹಾಲಪ್ಪನವರ ಕಿವಿ ನೆಟ್ಟಗಾಯಿತು. ಇಷ್ಟು ವರ್ಷ ಬಾರದ ನಿದ್ದೆ ನೆಲದ ಮೇಲೆ ಅಂಗಾತ ಮಲಗಿದರೆ ಹೇಗೆ ಬಂತು? ಮನೆಯಲ್ಲೂ ಅಂಗಾತವೇ ಮಲಗುತ್ತಾಳಲ್ಲ?

"ನಾನೂ ಬರ್ತೀನಿ," ಎಂದರು. "ಹ್ಯಾಂಗ ಕೆಲಸ ಮಾಡತೈತಿ ನೋಡಬೇಕ."

ಜಲಜಾಬಾಯಿ ಒಂದು ಕರಾರು ಹಾಕಿದರು. "ಬರ್ರಿ, ಬ್ಯಾಡ ಅನ್ನೂದಿಲ್ಲ. ಆದ್ರ ಕಡೇಕ ಮಲಗಸ್ತಾರಲ್ಲ, ಆವಾಗ ಮಾತ್ರ ಬಾಯಿ ತೆರೀಬ್ಯಾಡ್ರಿ. ನನಗ ಸಿಗೂ ನಿದ್ದಿ ಅಷ್ಟ ಐತಿ. ಅದನ್ನ ಕೆಡಸಬ್ಯಾಡ್ರಿ."

ಹಾಲಪ್ಪನವರು ಒಪ್ಪಿದರು.

ತರಗತಿಯ ಉಳಿದ ಹೊತ್ತಿಗೆ ಮಾತ್ರ ಯಾವ ಕರಾರೂ ಇರಲಿಲ್ಲವಲ್ಲ! ಖಾಲಿ ಹೊಟ್ಟೆಯಲ್ಲೇ ಯಾಕೆ? ಮುಂದಕ್ಕೆ ಬಗ್ಗುವಾಗ ಉಸಿರು ಬಿಡಬೇಕು, ಏಳುವಾಗ ತೆಗೆದುಕೊಳ್ಳಬೇಕು, ಯಾಕೆ? ಮೊದಲು ಎಡ ಮೂಗಿನಿಂದಲೇ ಯಾಕೆ? ಪ್ರೇಮಾಬೆನ್ "ಕಾಕಾ, ಶಾಂತಿ ರಾಖೋ!" ಎಂದು ಗುಜರಾತಿಯಲ್ಲಿ ಗದರಿ ಸುಮ್ಮನಿರಿಸುವರು. ಕೃಪಾಳಿಗೆ ಮಾತ್ರ ಬೇಸರವಿರಲಿಲ್ಲ. ಹೊಟ್ಟೆ, ಎದೆ ಗಾಳಿಯಿಂದ ತುಂಬಿದ್ದರೆ ಬಗ್ಗಲು ಜಾಗ ಎಲ್ಲಿದೆ ಎಂದು ತೋರಿಸುವಳು. ಎಡ ಮೂಗಿನ ಪ್ರಶ್ನೆಗೆ, "ನಂಗೊತ್ತಿಲ್ಲ ಅಂಕಲ್. ನಮಗೆ ಹೀಗೇ ಹೇಳ್ಕೊಟ್ರು. ಓದ್ಕೊಂಡು ಬಂದು ಹೇಳ್ತೀನಿ," ಎಂದಳು. ಹಾಲಪ್ಪನವರಿಗೆ ಅವಳ ಮೇಲೆ ಗೌರವ ಹುಟ್ಟಿದ್ದು ಆಗ. ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಎಂಜಿನಿಯರುಗಳನ್ನು ಅವರು ಸೇವೆಯಲ್ಲಿ ಅಷ್ಟಾಗಿ ಕಂಡಿರಲಿಲ್ಲ.

ಒಂದು ಪ್ರಶ್ನೆಯಿಂದಂತೂ ನಿಜವಾದ ಉಪಕಾರವಾಯಿತು. ಸರ್ವಾಂಗಾಸನಕ್ಕೆ ಎಲ್ಲರೂ ಕಾಲೆತ್ತುವ ಹೊತ್ತಿಗೆ ಅವರು, "ತಂಗಿ, ಇದರಾಗ ಕುತ್ತಿಗಿ ಮ್ಯಾಲೆ ಲೋಡ್ ಎಷ್ಟು ಬೀಳತೈತಿ? ಈಕಿಗೆ ಕುತ್ತಿಗಿ ಎಲುಬು ಸವದೈತಿ," ಎಂದುಬಿಟ್ಟರು.

ಕೃಪಾ ತಕ್ಷಣ ಜಲಜಾಬಾಯಿಯ ಬಳಿ ಬಂದಳು. "ಆಂಟೀ, ಸೇರುವಾಗ ಕೇಳಿದ್ನಲ್ಲ, ಏನೂ ಇಲ್ಲ ಅಂದ್ರಿ?"

"ಎಲ್ಲಾರಿಗೂ ಇರತೈತಲ್ಲ, ಏನ್ ಹೇಳೂದು," ಎಂದರು ಜಲಜಾಬಾಯಿ.

"ಹೇಳ್ಬೇಕು ಆಂಟೀ. ಒಬ್ಬರಿಗೆ ಒಳ್ಳೇದಾದ್ದು ಇನ್ನೊಬ್ಬರಿಗೆ ಅಪಾಯ ಆಗ್ಬಹುದು. ಸೆಳೆತ ಇರಲಿ, ನೋವು ಬೇಡ. ಎಲ್ಲಿ ಉಸಿರು ಸಿಕ್ಕಿಹಾಕ್ಕೊಳ್ಳುತ್ತೋ ಅಲ್ಲಿಗೇ ನಿಲ್ಸಿ."

ಅವತ್ತಿನಿಂದ ಜಲಜಾಬಾಯಿ ಕಾಲುಗಳನ್ನು ಗೋಡೆಗೆ ಆನಿಸಿ ಸುಮ್ಮನೆ ಮಲಗತೊಡಗಿದರು. ಹಾಲಪ್ಪನವರಿಗೆ ಎರಡು ಕೋಡು ಮೂಡಿದವು. ತಾವಿಲ್ಲದಿದ್ದರೆ ಈ ತರಗತಿಯ ಗತಿ ಏನು ಎಂದು ಮನೆಗೆ ಹೋಗುವಾಗ ರಿಕ್ಷಾದಲ್ಲಿ ದಾರಿಯುದ್ದಕ್ಕೂ ವಿವರಿಸಿದರು. ಇಷ್ಟಕ್ಕೇ ತೃಪ್ತರಾಗಿದ್ದರೆ ಎಷ್ಟು ಚೆನ್ನಾಗಿತ್ತು!

ಒಂದು ದಿನ ಎಂದಿನಂತೆ ಪ್ರಾಣಾಯಾಮ ಶುರುವಾಯಿತು. ಒಂದು ಮೂಗಿನಿಂದ ನಿಧಾನ ಒಳಗೆ, ಇನ್ನೊಂದರಿಂದ ನಿಧಾನ ಹೊರಗೆ. "ಉಸಿರನ್ನ ತಡೆದು ಹಿಡಿಯೋದು ಬೇಡ," ಎಂದಳು ಕೃಪಾ. "ಬಿ.ಪಿ. ಇರೋರಂತೂ ಬೇಡವೇ ಬೇಡ. ಒಳಗೆ ಪ್ರೆಶರ್ ಏರುಪೇರಾಗುತ್ತೆ."

ಆ ಒಂದು ಮಾತು ಕಿವಿಗೆ ಬಿದ್ದದ್ದೇ ಹಾಲಪ್ಪನವರ ಬುದ್ಧಿ ಕೊಯಾಲಿಗೆ ಓಡಿತು. ಪ್ರೆಶರ್! ಇದು ಅವರ ಸ್ವಂತ ಜಮೀನು. ಹೊಸ ಕೊಳವೆ ಹಾಕಿದರೆ ಅದರ ತುಂಬ ನೀರು ತುಂಬಿಸುತ್ತಾರೆ. ಮುಂದೆ ಅದು ದಿನನಿತ್ಯ ಹೊರಬೇಕಾದ್ದಕ್ಕಿಂತ ಹೆಚ್ಚಿನ ಒತ್ತಡ ಏರಿಸಿ, ಬಾಯಿ ಮುಚ್ಚಿ, ಗೇಜಿನ ಮುಳ್ಳನ್ನು ನೋಡುತ್ತ ನಿಲ್ಲುತ್ತಾರೆ. ಮುಳ್ಳು ಅಲುಗದಿದ್ದರೆ ಕೊಳವೆ ಗಟ್ಟಿ. ಹೈಡ್ರೋಟೆಸ್ಟ್ ಎಂದು ಅದರ ಹೆಸರು, ಹಾಲಪ್ಪನವರು ಅದರಲ್ಲಿ ಎತ್ತಿದ ಕೈ. ಒತ್ತಡ ಏರಿಸದೆ ಒಳಗಿನ ಲೈನು ಗಟ್ಟಿಯಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಈ ಹುಡುಗಿ ಬೇಡ ಎನ್ನುತ್ತಾಳೆ, ಆದರೆ ಪರೀಕ್ಷೆ ಮಾಡಿ ನೋಡಿದ್ದಾಳೆಯೇ?

ತಾವೇ ದಿನಾ ಬೆಳಿಗ್ಗೆ ಬಿ.ಪಿ. ಮಾತ್ರೆ ನುಂಗುವವರು ಎಂಬುದು ಅವರಿಗೆ ನೆನಪಿರಲಿಲ್ಲವೆಂದಲ್ಲ. ಹಳೆಯ ಕೊಳವೆಯನ್ನೇ ಅಲ್ಲವೇ ಪರೀಕ್ಷಿಸಬೇಕಾದ್ದು ಎಂದು ತರ್ಕ ಹೂಡಿದರು. ಮನುಷ್ಯನಿಗೆ ತಪ್ಪು ಮಾಡಲೇಬೇಕೆಂದು ಮನಸ್ಸಾದಾಗ ತರ್ಕಕ್ಕೆ ಬರ ಬರುವುದಿಲ್ಲ.

ಜಾಗ, ಹೊತ್ತು ಎರಡನ್ನೂ ಅವರು ಗೊತ್ತುಮಾಡಿಕೊಂಡರು. ಶವಾಸನದಲ್ಲಿ ಎಲ್ಲರ ಕಣ್ಣೂ ಮುಚ್ಚಿರುತ್ತದೆ. ಬಾಯಿ ತೆರೆಯುವುದಿಲ್ಲ ಎಂದು ಹೆಂಡತಿಗೆ ಕೊಟ್ಟ ಮಾತೂ ಉಳಿಯುತ್ತದೆ, ಮೂಗಿನ ವಿಷಯ ಆ ಮಾತಿನಲ್ಲಿ ಬಂದೇ ಇರಲಿಲ್ಲ. ಆ ದಿನ ಜಲಜಾಬಾಯಿ ನಿದ್ದೆಗೆ ಜಾರಿದ್ದನ್ನು ನೋಡಿಕೊಂಡು ಹಾಲಪ್ಪನವರು ಮೆಲ್ಲಗೆ ಎದ್ದು ಕೂತರು. ಎದೆ ತುಂಬ ಉಸಿರೆಳೆದು, ಮೂಗು ಹಿಡಿದು, ಕೈಗಡಿಯಾರದ ಮುಳ್ಳನ್ನು ನೋಡತೊಡಗಿದರು. ಕಿವಿಯಲ್ಲಿ ಗುಂಯ್ ಎಂದಿತು. ಕೊಳವೆ ಹಿಡಿದಿದೆ, ಇನ್ನಷ್ಟು ಹಿಡಿಯುತ್ತದೆ ಎನಿಸಿತು. ಕಣ್ಣ ಮುಂದೆ ಸಣ್ಣ ಚುಕ್ಕೆಗಳು ಎದ್ದವು. ಇನ್ನೂ ಸ್ವಲ್ಪ ಎಂದುಕೊಂಡದ್ದಷ್ಟೇ ಅವರಿಗೆ ನೆನಪು.

ಅವರು ಪಕ್ಕಕ್ಕೆ ಉರುಳಿದ ಸದ್ದಿಗಿಂತ, ಅವರ ಕೈ ತಾಗಿ ಬಿದ್ದ ಸ್ಟೀಲಿನ ನೀರಿನ ಬಾಟಲಿಯ ಸದ್ದು ದೊಡ್ಡದಾಯಿತು. ಕಲ್ಲುಹಾಸಿನ ಮೇಲೆ ಅದು ಠಣ್ಣೆಂದು ಬಿದ್ದು ಹಾಲ್‌ನ ಆ ತುದಿಯವರೆಗೆ ಉರುಳಿತು. ಹಾಲಪ್ಪನವರಿಗೆ ಮಬ್ಬು ಹರಿದು ಎಚ್ಚರವಾದಾಗ ಮೊದಲು ಕೇಳಿಸಿದ್ದು ಹೆಂಡತಿಯ ಕೂಗು.

"ಸೈರನ್ ಆತು! ಸೈರನ್ ಆತ್ರೀ! ಇವ್ರು ಒಳಗ ಅದಾರ!"

ಜಲಜಾಬಾಯಿ ಎದ್ದು ನಿಂತಿದ್ದರು. ಕಾಲ ಬಳಿ ಬಿದ್ದಿದ್ದ ಗಂಡನ ಕಡೆ ಅವರ ಕಣ್ಣು ಹೋಗಿರಲಿಲ್ಲ. ಕಿಟಕಿಯ ಹೊರಗೆ, ಎಲ್ಲೋ ದೂರ ನೋಡುತ್ತಿದ್ದರು. ಪ್ರೇಮಾಬೆನ್ ಬಂದು ಅವರನ್ನು ತಬ್ಬಿ ಕೂರಿಸಿದರು. ಕೃಪಾ ಓಡಿಬಂದು ಹಾಲಪ್ಪನವರನ್ನು ಅಂಗಾತ ಮಲಗಿಸಿ, ಕಾಲಿನ ಕೆಳಗೆ ದಿಂಬುಗಳನ್ನು ಒಟ್ಟಿದಳು. ಏಳಲು ಹೋದವರ ಭುಜ ಒತ್ತಿ ಹಿಡಿದು, "ಅಲುಗಾಡ್ಬೇಡಿ," ಎಂದಳು. ಅವಳ ಧ್ವನಿಯಲ್ಲಿ ಭಯವೂ ಇತ್ತು, ಸಿಟ್ಟೂ ಇತ್ತು. "ಏನ್ ಮಾಡ್ತಿದ್ರಿ ಅಂಕಲ್?"

"ಟೆಸ್ಟ್. ಕೊಳವಿಗೆ ಮಾಡತೇವಲ್ಲ, ಹಂಗ," ಎಂದರು ಹಾಲಪ್ಪನವರು.

"ಕೊಳವೆ ಒಡೆದ್ರೆ ಬದಲಾಯಿಸ್ತೀರಿ. ಇಲ್ಲಿ ಏನನ್ನ ಬದಲಾಯಿಸ್ತೀರಿ? ಡಾಕ್ಟರ್ ಹತ್ರ ತೋರಿಸಿ, ಅವರು ಸರಿ ಅಂದ ಮೇಲೇನೇ ಇಲ್ಲಿಗೆ ಬನ್ನಿ."

ಡಾಕ್ಟರು ಎಲ್ಲ ನೋಡಿದರು. ಹೃದಯ ಸರಿಯಿದೆ, ಮಾತ್ರೆ ಬಿಡಬೇಡಿ, ಉಸಿರಿನ ಜತೆ ಈ ಹುಡುಗಾಟ ಮಾತ್ರ ಬೇಡ ಎಂದು ಬೈದು ಕಳಿಸಿದರು. ಆದರೆ ಜಲಜಾಬಾಯಿಯ ನಿದ್ದೆ ಹೋಯಿತು. ಪ್ರೇಮಾಬೆನ್ ಜತೆ ತರಗತಿಗೆ ಹೋಗುತ್ತಿದ್ದರು, ಶವಾಸನದಲ್ಲಿ ಮಲಗುತ್ತಿದ್ದರು, ಕಣ್ಣು ಮುಚ್ಚಿದರೆ ರೆಪ್ಪೆ ಅದುರುತ್ತಿತ್ತಂತೆ. ಪ್ರೇಮಾಬೆನ್ ಇದನ್ನು ಹಾಲಪ್ಪನವರಿಗೆ ಲಿಫ್ಟಿನಲ್ಲಿ ಹೇಳಿ ಇಳಿದುಹೋದರು.

ಹಾಲಪ್ಪನವರಿಗೆ ನಾಚಿಕೆಯಾಯಿತು. ನಾಚಿಕೆಯ ಕೆಳಗೆ ಇನ್ನೊಂದು ಕೊರೆಯುತ್ತಿತ್ತು. ಬಾಟಲಿಯ ಸದ್ದಿಗೆ ರಿಫೈನರಿಯ ಅಪಾಯದ ಸೈರನ್ ಯಾಕೆ ನೆನಪಾಗಬೇಕು? ಹೆಂಡತಿ ಸೈರನ್ ಎಂಬ ಮಾತನ್ನು ಇಷ್ಟು ವರ್ಷ ಬಾಯಿಂದ ತೆಗೆದದ್ದೇ ಅವರು ಕೇಳಿರಲಿಲ್ಲ. ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಜಲಜಾಬಾಯಿ ಜೋಳದ ರೊಟ್ಟಿ ಬಡಿಯುತ್ತಿದ್ದಾಗ ಬಾಗಿಲಿಗೆ ಆತು ನಿಂತು ಕೇಳಿಯೇಬಿಟ್ಟರು.

"ಅವತ್ತ ಸೈರನ್ ಅಂದ್ಯಲ್ಲ. ಯಾಕ?"

ರೊಟ್ಟಿ ಬಡಿಯುವ ಸದ್ದು ನಿಂತಿತು.

"ಕಂಡಕಂಡವರ್ನ ಪ್ರಶ್ನೆ ಕೇಳ್ಕೋತ ಜನ್ಮ ಕಳದ್ರಿ," ಎಂದರು ಜಲಜಾಬಾಯಿ. "ನನಗ ಕೇಳಿದ್ದು ಇದ ಮೊದಲ."

ಹಾಲಪ್ಪನವರು ಒಳಗೆ ಬಂದು ಅವರ ಪಕ್ಕಕ್ಕೆ ನಿಂತರು.

"ನೀವು ರಾತ್ರಿ ಡ್ಯೂಟಿಗೆ ಹ್ವಾದ್ರ ನಾ ಹಾಸಗಿ ಮ್ಯಾಲೆ ಬಿದ್ಕೊಂಡು ಸೈರನ್ ಆಕ್ಕೈತೇನೋ ಅಂತ ಕಿವಿ ಕೊಟ್ಟಿರತಿದ್ದೆ. ಮೊದಲನೇ ಸದ್ದು ತಪ್ಪಬಾರ್ದಲ್ಲ. ಉಸಿರು ಸುದ್ದಾ ಸಣ್ಣಗ ಬಿಡತಿದ್ದೆ. ನನ್ನ ಉಸಿರಿನ ಸದ್ದ ಅಡ್ಡ ಬಂದ್ರ?"

"ಎಂದೂ ಏನೂ ಆಗ್ಲಿಲ್ಲಲ್ಲ ಜಲಜಾ."

"ಆಗ್ಲಿಲ್ಲ. ಅದು ನೀವು ಬೆಳಿಗ್ಗೆ ಬಂದು ಚಪ್ಪಲಿ ಬಿಟ್ಟ ಮ್ಯಾಲೆ ಗೊತ್ತಾಗತಿತ್ತು."

"ಈಗ ರಿಟೈರ್ ಆಗೀನಲ್ಲ. ಇನ್ನ ಯಾಕ?"

"ನೀವು ಆಗೀರಿ. ಹಾರ ಹಾಕಿ ಕಳಿಸ್ಯಾರ. ನನಗ ಯಾರ್ ಹೇಳ್ಯಾರ, ಇನ್ನ ಸಾಕು ಮಲಕೋ ಅಂತ?" ಎಂದು ಜಲಜಾಬಾಯಿ ಮತ್ತೆ ರೊಟ್ಟಿಗೆ ಕೈ ಹಾಕಿದರು. ಆದರೆ ಬಡಿಯಲಾಗಲಿಲ್ಲ, ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡರು. ಹಾಲಪ್ಪನವರಿಗೂ ಅಳು ಬಂತು. ಒಂದೊಂದು ಬೆಸುಗೆಯನ್ನೂ ಬೆಳಕು ಹಿಡಿದು ನೋಡಿದ ಮನುಷ್ಯ, ಪಕ್ಕದಲ್ಲಿ ಮಲಗಿದವಳ ಉಸಿರನ್ನು ಒಮ್ಮೆಯೂ ಗಮನಿಸಿರಲಿಲ್ಲ. ತವೆಯ ಮೇಲೆ ಸೀಯುತ್ತಿದ್ದ ರೊಟ್ಟಿಯನ್ನು ತೆಗೆದರು.

ಮರುದಿನ ಅವರು ಡಾಕ್ಟರ ಒಪ್ಪಿಗೆಯೊಂದಿಗೆ ತರಗತಿಗೆ ಹೋದರು. ಕೃಪಾ ಹೇಳಿದ್ದನ್ನು ಹೇಳಿದಷ್ಟೇ ಮಾಡಿದರು. ಒಂದೂ ಪ್ರಶ್ನೆ ಬಾರದ್ದನ್ನು ಕಂಡು ಪ್ರೇಮಾಬೆನ್‌ಗೇ ದಿಗಿಲಾಯಿತು. ಶವಾಸನಕ್ಕೆ ಎಲ್ಲರೂ ಒರಗುತ್ತಿದ್ದಾಗ ಮಾತ್ರ ಅವರು ಕೃಪಾಳ ಬಳಿ ಹೋಗಿ ಕೇಳಿದರು.

"ತಂಗಿ, ಈಗ ನಾ ಮಲಗದ ಕೂತಿರಬೌದೇನು? ಈಕಿ ತಲಿ ಹತ್ರ?"

"ಯಾಕೆ ಅಂಕಲ್?"

"ಕಾವಲಿಗಿ."

ಕೃಪಾ ಇಬ್ಬರನ್ನೂ ನೋಡಿದಳು. ಆಮೇಲೆ ಒಂದು ದಿಂಬು ತಂದು ಗೋಡೆಗೆ ಆನಿಸಿ ಕೊಟ್ಟು, "ಬೆನ್ನು ಒರಗಿಸ್ಕೊಳ್ಳಿ. ಉಸಿರು ಅದರಷ್ಟಕ್ಕೆ ಆಡ್ಲಿ," ಎಂದಳು.

ಹಾಲಪ್ಪನವರು ಹೆಂಡತಿಯ ತಲೆಯ ಬಳಿ ಕೂತು ಬಗ್ಗಿ, ಮೆಲ್ಲಗೆ ಹೇಳಿದರು. "ನೀ ಮಲಕೋ. ಇವತ್ತಿನಿಂದ ಎಚ್ಚರ ಇರೂದು ನನ್ನ ಡ್ಯೂಟಿ."

"ಏನಾರ ಆದ್ರ?"

"ಎಬ್ಬಸ್ತೀನಿ."

ಜಲಜಾಬಾಯಿ ಗಂಡನ ಮುಖ ನೋಡಿ ಕಣ್ಣು ಮುಚ್ಚಿದರು. ಹೊರಗೆ ರಿಕ್ಷಾಗಳು ಹೋಗುತ್ತಿದ್ದವು. ಹಾಸ್ಟೆಲ್ ಹುಡುಗರು ಚಹಾದಂಗಡಿಯ ಮುಂದೆ ಪರೀಕ್ಷೆಯ ವಿಷಯಕ್ಕೆ ವಾದ ಮಾಡುತ್ತಿದ್ದರು. ಪಕ್ಕದ ಮನೆಯಲ್ಲಿ ಒಂದು ಕುಕ್ಕರ್ ಒಮ್ಮೆಲೇ ಕೂಗಿತು. ಜಲಜಾಬಾಯಿಯ ಮೈ ಬಿಗಿಯಿತು, ಉಸಿರು ನಿಂತಿತು. ಹಾಲಪ್ಪನವರು ಅವರ ಹಣೆಯ ಮೇಲೆ ಅಂಗೈ ಇಟ್ಟು, "ಕುಕ್ಕರ್," ಎಂದರು. ಬಿಗಿ ನಿಧಾನವಾಗಿ ಬಿಟ್ಟಿತು. ಹೊಟ್ಟೆ ಏರಿತು, ಇಳಿಯಿತು.

ಸ್ವಲ್ಪ ಹೊತ್ತಿನ ಮೇಲೆ ಹಾಲ್‌ನಲ್ಲಿ ಒಂದು ಗೊರಕೆ ಕೇಳಿಸಿತು. ಮೊದಲು ಸಣ್ಣಗೆ, ಆಮೇಲೆ ಯಾವ ಸಂಕೋಚವೂ ಇಲ್ಲದೆ ಜೋರಾಗಿ. ಕೆಲವರು ಕಣ್ಣು ತೆರೆದು ನೋಡಿದರು. ಹಾಲಪ್ಪನವರು ಅಲುಗದೆ ಕೂತು ಆಲಿಸುತ್ತಿದ್ದರು. ಜಲಜಾಬಾಯಿ ಗೊರಕೆ ಹೊಡೆಯುತ್ತಾರೆ ಎಂಬುದು ಮದುವೆಯಾಗಿ ಇಷ್ಟು ವರ್ಷಕ್ಕೆ ಅವರಿಗೆ ಇವತ್ತು ಗೊತ್ತಾಯಿತು.