ಏಳನೇ ಸಂಗತಿ

"ಏಳನೇದು ಓದು," ಅಂದಳು ಅಕ್ಕ.

ತಮ್ಮ ಕನ್ನಡಕ ಮರೆತು ಬಂದವನಂತೆ ಜೇಬು ತಡವಿದ. ಕನ್ನಡಕ ಮೂಗಿನ ಮೇಲೇ ಇತ್ತು. ಲೈಬ್ರರಿಯಲ್ಲಿ ಮಕ್ಕಳ ಪುಸ್ತಕಗಳಿರುವ ಕೋಣೆಯ ಗೋಡೆಗೆ ಹತ್ತು ಬಣ್ಣದ ಹಾಳೆಗಳನ್ನು ಸಾಲಾಗಿ ಅಂಟಿಸಿ, ಮೇಲೆ 'ನಮ್ಮ ಕುಂಚದಜ್ಜಿ: ನಿಮಗಿದು ಗೊತ್ತೇ?' ಎಂದು ದಪ್ಪಕ್ಷರದಲ್ಲಿ ಬರೆದಿದ್ದರು. ನಲವತ್ತು ವರ್ಷದಿಂದ ಮಕ್ಕಳ ಕಥೆ ಬರೆದು ಅದಕ್ಕೆ ಚಿತ್ರವನ್ನೂ ತಾನೇ ಹಾಕುತ್ತ ಬಂದ ಅಕ್ಕನನ್ನು ಅಂಚೆಯವನೂ ಕುಂಚದಜ್ಜಿ ಎಂದೇ ಕರೆಯುತ್ತಿದ್ದ. ಅವಳ ಹತ್ತೊಂಬತ್ತು ಪುಸ್ತಕಗಳಲ್ಲೂ ಇರುವುದು ಒಂದೇ ನಾಯಿ. ದಪ್ಪ ಹೊಟ್ಟೆ, ಕಂದು ಬಣ್ಣ, ಹೆಸರು ಗುಡಾಣ.

ತಮ್ಮ ಓದಿದ. "ಕುಂಚದಜ್ಜಿಗೆ ನಾಯಿಗಳೆಂದರೆ ಪ್ರಾಣ. ದಿನವೂ ಬೆಳಿಗ್ಗೆ ಬೀದಿಯ ನಾಯಿಗಳಿಗೆಲ್ಲ ಬಿಸ್ಕತ್ತು ಹಾಕಿ, ತಲೆ ಸವರಿ ಬಂದ ಮೇಲೇ ಅವರು ಕುಂಚ ಮುಟ್ಟುವುದು."

"ಯಾರು ಹೇಳಿದ್ದು ಇದನ್ನ?"

"ಫೋನ್ ಬಂದಾಗ ನೀನು ಸ್ನಾನಕ್ಕೆ ಹೋಗಿದ್ದೆ. ಹತ್ತು ಸ್ವಾರಸ್ಯದ ಸಂಗತಿ ಬೇಕು ಅಂದ್ರು ಮೇಡಂ. ಆರಕ್ಕೇ ನನ್ನ ಸರಕು ಮುಗಿದುಹೋಯ್ತು."

"ನಾಯಿ ಬಿಟ್ಟು ಬೇರೇನೂ ಸಿಗ್ಲಿಲ್ವಾ ನಿನ್ನ ಬಾಯಿಗೆ?"

"ಹತ್ತೊಂಬತ್ತು ಪುಸ್ತಕ ನಾಯಿ ಮೇಲೆ ಬರೆದವಳು ನೀನು. ಮೀನು ಅಂದ್ರೆ ಪ್ರಾಣ ಅಂತ ಹೇಳ್ಬೇಕಿತ್ತಾ?"

ಎಂದಿನಂತಾದರೆ ಅಕ್ಕ ನಗಬೇಕಿತ್ತು. ಇವತ್ತು ನಗಲಿಲ್ಲ. ತಮ್ಮ ಕನ್ನಡಕ ತೆಗೆದು ಒರೆಸಿದ. ಬಸ್ಸಿನಲ್ಲಿ ಮೂವತ್ತು ವರ್ಷ ಕಂಡಕ್ಟರ್ ಆಗಿದ್ದವನು, ಎಂಥ ಜಗಳಗಂಟನನ್ನೂ ಮಾತಿನಲ್ಲೇ ಕೂರಿಸಿದವನು. ಆ ಮಾತೇ ಇವತ್ತು ಅವನನ್ನು ತಂದು ಇಲ್ಲಿ ಸಿಕ್ಕಿಸಿತ್ತು.

ನಿಜವೇನೆಂದರೆ ಅಕ್ಕನಿಗೆ ನಾಯಿ ಕಂಡರೆ ಕೈಕಾಲು ತಣ್ಣಗಾಗುತ್ತಿತ್ತು. ಬೀದಿಗಿಳಿದರೆ ತಮ್ಮ ಛತ್ರಿ ಹಿಡಿದು ನಾಲ್ಕು ಹೆಜ್ಜೆ ಮುಂದೆ. ಯಾರ ಮನೆಗೆ ಹೋಗುವುದಿದ್ದರೂ ಮೊದಲು ಅವನು ಹೋಗಿ ಅಂಗಳ ನೋಡಿ ಬರಬೇಕು. ಚಿತ್ರಕ್ಕೆ ನಾಯಿ ಬೇಕಾದಾಗಲೂ ಅವನೇ. ಕಿವಿಯ ಮೇಲೆ ಟವೆಲ್ ಇಳಿಬಿಟ್ಟುಕೊಂಡು ಚಾಪೆಯ ಮೇಲೆ ಅಂಬೆಗಾಲಿಡುತ್ತಿದ್ದ. ಗುಡಾಣ ಚಕ್ಕಳಮಕ್ಕಳ ಹಾಕಿ ಕೂರುವುದು, ಮೊಣಕೈ ಊರಿ ಯೋಚಿಸುವುದು ಎಲ್ಲ ಹೀಗೇ ಬಂದಿದ್ದು. ಆದರೆ ಹತ್ತೊಂಬತ್ತು ಪುಸ್ತಕಗಳಲ್ಲಿ ಗುಡಾಣ ಒಮ್ಮೆಯೂ ಬಾಯಿ ತೆರೆದಿಲ್ಲ. ಆಕಳಿಸುವ ಚಿತ್ರ ಬೇಕೆಂದು ಪ್ರಕಾಶಕರು ಕೇಳಿದ್ದಕ್ಕೆ ಅಕ್ಕ ಅದರ ಬೆನ್ನು ಬರೆದು ಕಳಿಸಿದ್ದಳು.

ಇದು ಹೊರಗೆ ಗೊತ್ತಾಗಬಾರದು ಎಂಬುದೊಂದೇ ಅವಳ ಹಟ. ಕಾಗದ ಬರೆಯುವ ಮಕ್ಕಳಲ್ಲಿ ಅರ್ಧದಷ್ಟು ಜನ ಬರೆಯುತ್ತಿದ್ದುದು ಒಂದೇ ಮಾತು: ಅಜ್ಜಿ, ಗುಡಾಣನ ಕಥೆ ಓದಿದ ಮೇಲೆ ನನಗೆ ನಾಯಿ ಭಯ ಹೋಯಿತು. "ಆ ಮಕ್ಕಳ ಮುಖಕ್ಕೆ ನಾನೇನು ಹೇಳ್ಲಿ?" ಅನ್ನುತ್ತಿದ್ದಳು.

ತಮ್ಮನ ಹೊಟ್ಟೆಯಲ್ಲಿ ಇನ್ನೊಂದು ಭಯವಿತ್ತು, ಅದಕ್ಕಿಂತ ಹಳೆಯದು. ಅಕ್ಕನಿಗೆ ನಾಯಿ ಕಚ್ಚಿದಾಗ ಅವಳಿಗೆ ಏಳು ವರ್ಷ, ಅವನಿಗೆ ಐದು. ಎದುರು ಮನೆಯ ನಾಯಿಯನ್ನು ಹತ್ತಿರದಿಂದ ನೋಡಬೇಕೆಂದು ತನ್ನ ಮನೆಯ ಗೇಟಿನ ಚಿಲಕ ತೆಗೆದವನು ಅವನು. ಅದು ಒಳಗೆ ನುಗ್ಗಿದಾಗ ಅವನ ಮುಂದೆ ಬಂದು ನಿಂತವಳು ಅವಳು. ಗೇಟು ಹೇಗೆ ತೆಗೆಯಿತೆಂದು ಅಪ್ಪ ಕೇಳಿದ್ದಕ್ಕೆ, ಗಾಳಿಗೆ ಅಂದಿದ್ದ. ಎಲ್ಲರೂ ನಂಬಿದರು. ಮುಂದೆ ಬಸ್ಸು ತುಂಬ ಜನರಿಗೆ ಏನೇನೋ ಹೇಳಿದ, ಇದೊಂದನ್ನು ಯಾರಿಗೂ ಹೇಳಲಿಲ್ಲ.

"ಅಜ್ಜಿ, ಬನ್ನಿ ಬನ್ನಿ," ಎಂದು ಲೈಬ್ರರಿಯ ಮೇಡಂ ಓಡುತ್ತ ಬಂದರು. ಕೆನ್ನೆಯ ಮೇಲೆ ಅಂಟಿನ ಗುರುತಿತ್ತು. "ಮಕ್ಕಳು ಕಾಯ್ತಿದಾರೆ. ಏಳನೇದು ಓದಿದಾಗಿಂದ ಒಂದೇ ಹಟ, ಅಜ್ಜಿ ನಾಯಿ ನೋಡ್ಕೊಂಡು ಚಿತ್ರ ಬರೀಬೇಕಂತೆ. ನಮ್ಮ ವಾಚ್‌ಮನ್ ಅವರದನ್ನ ಕರ್ಕೊಂಡು ಬಂದಿದಾರೆ. ಪಾಪದ್ದು, ಏನೂ ಮಾಡಲ್ಲ."

ಅಕ್ಕನ ಬೆರಳುಗಳು ತಮ್ಮನ ಮಣಿಕಟ್ಟನ್ನು ಹಿಡಿದವು. ಉಗುರು ಚರ್ಮಕ್ಕೆ ಇಳಿಯಿತು.

"ಮೇಡಂ, ಅಕ್ಕನಿಗೆ ನಿನ್ನೆಯಿಂದ ನೆಗಡಿ," ಅಂದ ತಮ್ಮ. "ನಾಯಿ ಕೂದಲು ಮೂಗಿಗೆ ಹೋದ್ರೆ ಸೀನು ನಿಲ್ಲಲ್ಲ. ಡಾಕ್ಟರೇ ಹೇಳಿದಾರೆ."

"ಸುಮ್ನಿರು," ಅಂದಳು ಅಕ್ಕ, ಮೆಲ್ಲಗೆ. "ಇನ್ನೊಂದು ಹೇಳಬೇಡ."

ಹಾಲಿನಲ್ಲಿ ನಲವತ್ತು ಮಕ್ಕಳು ನೆಲದ ಮೇಲೆ ಕೂತಿದ್ದರು. ಒಂದು ಕುರ್ಚಿ, ಅದರ ಮುಂದೆ ಸ್ಟ್ಯಾಂಡಿಗೆ ಸಿಕ್ಕಿಸಿದ ದೊಡ್ಡ ಬಿಳಿ ಹಾಳೆ, ಇದ್ದಿಲ ಕಡ್ಡಿ. ಅಕ್ಕ ಕೂತಳು. ಆಗ ಆಚೆ ಬಾಗಿಲಿನಿಂದ ಸದ್ದು ಬಂತು. ನುಣುಪು ಕಲ್ಲಿನ ಮೇಲೆ ಉಗುರಿನ ಸದ್ದು, ಟಕ ಟಕ ಟಕ. ತಮ್ಮ ಗೋಡೆಗೆ ಬೆನ್ನು ಒತ್ತಿ ನಿಂತ. ಅಕ್ಕ ಎದ್ದು ಓಡಿಬಿಟ್ಟರೆ? ಬಿದ್ದುಬಿಟ್ಟರೆ? ವಯಸ್ಸು ಅರವತ್ತೇಳು. ಎದೆಗೆ ಮಾತ್ರೆ ನುಂಗುವವಳು.

ವಾಚ್‌ಮನ್ ಹಗ್ಗ ಹಿಡಿದು ಒಳಗೆ ಬಂದ. ಬೂದು ಬಣ್ಣದ ಎತ್ತರದ ನಾಯಿ. ಹತ್ತು ಅಡಿ ದೂರದಲ್ಲಿ ಕೂತು, ಸೆಕೆಗೆ ಬಾಯಿ ತೆರೆದು ತೇಕತೊಡಗಿತು. ನಾಲಗೆ, ಅದರ ಎರಡು ಪಕ್ಕಕ್ಕೂ ಹಲ್ಲು. "ತಲೆ ಸವರಿ ಅಜ್ಜಿ," ಎಂದು ಮಕ್ಕಳು ಕೂಗಿದರು. "ಬಿಸ್ಕತ್ತು ಕೊಡಿ ಅಜ್ಜಿ."

ಅಕ್ಕ ಅಲ್ಲಾಡಲಿಲ್ಲ. ಕಿವಿಯ ಹತ್ತಿರ ಬೆವರು ಇಳಿಯುವುದು ತಮ್ಮನಿಗೆ ಅಲ್ಲಿಂದಲೇ ಕಂಡಿತು. ಹೋಗಿ ಮಧ್ಯೆ ನಿಲ್ಲಬೇಕು ಅನ್ನಿಸಿತು. ಕಾಲು ಏಳಲಿಲ್ಲ. ಅವತ್ತೂ ಎದ್ದಿರಲಿಲ್ಲ.

ಅವಳು ಕಡ್ಡಿ ತೆಗೆದುಕೊಂಡಳು. ಮೊದಲ ಗೆರೆ ಹಾಳೆಯಿಂದ ಆಚೆ ಹೋಯಿತು. ಎಡಗೈಯಿಂದ ಬಲಗೈಯನ್ನು ಹಿಡಿದು ಮತ್ತೆ ಎಳೆದಳು. ನಾಯಿಯನ್ನು ನೋಡುವಳು, ಕಣ್ಣು ಮುಚ್ಚುವಳು, ಬರೆಯುವಳು. ಮೊದಲು ಬಂದದ್ದು ಬಾಯಿ. ಮೇಲಿನ ಹಲ್ಲು, ಕೆಳಗಿನ ಹಲ್ಲು, ಒಸಡು. ಅದು ದೊಡ್ಡದಾಗುತ್ತ ಹಾಳೆಯನ್ನೆಲ್ಲ ತುಂಬಿತು. ಕಿವಿಗೆ ಜಾಗವೇ ಉಳಿಯಲಿಲ್ಲ. ಮಕ್ಕಳ ಗಲಾಟೆ ಸಾಲುಸಾಲಾಗಿ ಅಡಗಿತು.

ಮುಂದಿನ ಸಾಲಿನಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು ಎದ್ದು ನಿಂತಳು. "ಇದು ಗುಡಾಣ ಅಲ್ಲ."

"ಅಲ್ಲ ಕಂದ."

"ಮತ್ತೆ ಯಾರು?"

"ನಾನು ನಿನ್ನಷ್ಟಿದ್ದಾಗ ನಮ್ಮ ಎದುರು ಮನೇಲಿತ್ತು. ಹೆಸರು ಗೊತ್ತಿಲ್ಲ. ಕೇಳೋಕೆ ಪುರುಸೊತ್ತು ಸಿಗ್ಲಿಲ್ಲ."

"ಕಚ್ತಾ?"

"ಹ್ಞೂಂ."

"ನಿಮಗೆ ಈಗ್ಲೂ ನಾಯಿ ಭಯಾನಾ?"

"ಈಗ್ಲೂ. ನೋಡು, ಮಂಡಿ ಒಂದಕ್ಕೊಂದು ಬಡೀತಿದೆ."

ಹುಡುಗಿ ಬಗ್ಗಿ ಮಂಡಿ ನೋಡಿದಳು. ನಿಜವೇ ಎಂದು ಖಾತ್ರಿಯಾದಂತೆ ತಲೆಯಾಡಿಸಿದಳು. "ಹಂಗಾದ್ರೆ ಏಳನೇದು ಸುಳ್ಳು."

"ಸುಳ್ಳು," ಅಂದಳು ಅಕ್ಕ. ತಮ್ಮನ ಕಡೆ ನೋಡಲಿಲ್ಲ. ಮೇಡಂ ಕೆನ್ನೆಯ ಮೇಲಿನ ಅಂಟನ್ನು ಕೆರೆದುಕೊಳ್ಳುತ್ತ ನಿಂತರು. ವಾಚ್‌ಮನ್ ಯಾರೂ ಹೇಳದೆಯೇ ನಾಯಿಯನ್ನು ಎಬ್ಬಿಸಿ ಹೊರಗೆ ಕರೆದೊಯ್ದ.

"ಎಲ್ಲಿ ಕಚ್ತು? ತೋರಿಸಿ."

ಅಕ್ಕ ಕಡ್ಡಿ ಕೆಳಗಿಟ್ಟಳು. ಆಮೇಲೆ ಪಾದ ಮುಚ್ಚುವ ನಿಲುವಂಗಿಯನ್ನು ಗೇಣಷ್ಟು ಮೇಲೆತ್ತಿದಳು. ಮೀನಖಂಡದಲ್ಲಿ ಒಂದು ಹಿಡಿ ಮಾಂಸವೇ ಇರಲಿಲ್ಲ. ಆ ಕುಳಿಯ ಚರ್ಮ ಕರಗಿ ಗಟ್ಟಿಯಾದ ಮೇಣದಂತೆ ಮಿರುಗುತ್ತಿತ್ತು. ಅವತ್ತು ಗಾಯಕ್ಕೆ ಬಟ್ಟೆ ಕಟ್ಟಿದ ಮೇಲೆ ತಮ್ಮ ಅದನ್ನು ನೋಡುತ್ತಿರುವುದು ಇದೇ ಮೊದಲು.

"ಒಳಗೆ ಹೆಂಗೆ ಬಂತು ಅದು?"

"ಗೇಟು ತೆಗೆದಿತ್ತು."

"ಯಾರು ತೆಗೆದ್ರು?"

"ಗಾಳಿಗೆ ತೆಗೀತಂತೆ," ಅಂದಳು ಅಕ್ಕ.

ಹುಡುಗಿ ಕುಳಿಯನ್ನು ಒಂದು ಬೆರಳಿಂದ ಮುಟ್ಟಿದಳು. ಆಮೇಲೆ ಗದ್ದ ಎತ್ತಿ ತೋರಿಸಿದಳು. "ನಂಗೆ ಇಲ್ಲಿ ನಾಲ್ಕು ಹೊಲಿಗೆ. ಮೆಟ್ಟಿಲಿಂದ ಬಿದ್ದಿದ್ದು." ಹಿಂದಿದ್ದ ಹುಡುಗ ಅಂಗಿಯ ತೋಳು ಮಡಿಚಿಕೊಂಡು ಬಂದ, "ನಂದು ಬಿಸಿನೀರು." ಮತ್ತೊಬ್ಬಳು ಹುಬ್ಬು ತೋರಿಸಿದಳು. ಯಾರೂ ಹೇಳದೆ ಒಂದು ಸಾಲು ಬೆಳೆಯಿತು. ಅಕ್ಕ ಪ್ರತಿಯೊಂದನ್ನೂ ಬಗ್ಗಿ ನೋಡಿ, "ನೋವಾಯ್ತಾ? ಅಳು ಬಂತಾ?" ಎಂದು ಕೇಳುತ್ತಿದ್ದಳು.

ತಮ್ಮ ಗೋಡೆ ಬಿಟ್ಟು ಬಂದು ಸಾಲಿನ ಕೊನೆಯಲ್ಲಿ ನಿಂತ. ಮುಂದಿದ್ದ ಪುಟ್ಟ ಹುಡುಗಿ ತಿರುಗಿ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ತಾತ, ನಿಮಗೆಲ್ಲಿ ಗಾಯ?"

ಅವನು ಬಾಯಿ ತೆರೆದ. ಅವತ್ತು ಚಿಲಕ ತೆಗೆದ ಕೈಯನ್ನು ನೋಡಿಕೊಂಡ. ಸಾಲು ಒಂದು ಹೆಜ್ಜೆ ಮುಂದೆ ಸರಿಯಿತು, ಅವನೂ ಸರಿದ. ಅವನ ಮುಂದೆ ಇನ್ನು ಮೂರೇ ಮಕ್ಕಳಿದ್ದರು.